ಮೊದಲು ಉಸಿರು ಬಿಡು

ಕೀಲಿ ತಗೋ, ಆಜಿಬೆಕ್. ಇವತ್ತಿಂದ ವ್ಯಾನು ನಿನ್ನದು.
ಆಸ್ಪತ್ರೆಯ ಕಾಗದದಲ್ಲಿ ಇದರ ಹೆಸರು ಆಂಬುಲೆನ್ಸು,
ಊರಿನ ಹುಡುಗರ ಬಾಯಲ್ಲಿ ರೊಟ್ಟಿ.
ಆಕಾರ ನೋಡು, ಈಗಷ್ಟೇ ಒಲೆಯಿಂದ ತೆಗೆದ ಹಾಗಿದೆ,
ಬಿಸಿಯೊಂದು ಬಿಟ್ಟು.

ನಾರಿನ್ ಹೊಳೆ ಕಲ್ಲಾದ ಮೇಲೆ
ಬ್ಯಾಟರಿಯನ್ನು ಹೊರಗೆ ಮಲಗಿಸಬೇಡ.
ಕಳಚಿ ತಂದು ಒಲೆಯ ಪಕ್ಕ ಇಡು.
ನನ್ನ ಹೆಂಡತಿ ಹದಿನೇಳು ವರ್ಷ ಬೈದಳು,
ಹದಿನೆಂಟನೆಯ ವರ್ಷ ಅವಳೇ ಅದಕ್ಕೊಂದು ಕಂಬಳಿ ಹೊದಿಸಿದಳು.

ಕೀಲಿ ತಿರುಗಿಸು, ಆಮೇಲೆ ಸುಮ್ಮನೆ ಕೇಳು.
ಟಕ್ ಅಂತ ಒಂದೇ ಸದ್ದಾದರೆ ರಕ್ತವಿಲ್ಲ ಅಂತ ಅರ್ಥ.
ಊಂ... ಊಂ... ಎಂದು ನರಳಿದರೆ
ಎಣ್ಣೆ ಹಳೆಯ ಜೇನಿನಂತೆ ಗಟ್ಟಿಯಾಗಿದೆ,
ಅಡಿಗೆ ಬ್ಲೋಲ್ಯಾಂಪ್ ಹಿಡಿ, ಆದರೆ
ಪೆಟ್ರೋಲ್ ಪೈಪಿನ ಕಡೆಗಲ್ಲ. ನನ್ನ ಎಡಹುಬ್ಬು
ಯಾಕೆ ಅರ್ಧ ಇದೆ ಅಂತ ನೀನು ಕೇಳಲೇ ಇಲ್ಲ.

ಚುರುಕಾಗಿ ಸುತ್ತುತ್ತದೆ, ಹತ್ತುವುದಿಲ್ಲ ಅಂದರೆ
ಆಗ ಶುರು ನಿಜವಾದ ತಲೆನೋವು.

ಒಂದು ಜನವರಿ, ಮೈನಸ್ ಮೂವತ್ತೆಂಟು.
ಮೂಗಿನ ಕೂದಲು ಸೂಜಿಯಾಗುವ ಚಳಿ.
ಮೇಲಿನ ಕುರುಬರ ಬಿಡಾರದಲ್ಲಿ ಒಬ್ಬಳಿಗೆ ನೋವು ಶುರುವಾಗಿ
ಅವಳ ಮೈದುನ ಕುದುರೆಯ ಮೇಲೆ ಬಂದಿದ್ದ,
ಮೀಸೆಯ ತುಂಬ ಹಿಮ, ಮಾತೇ ಹೊರಡದು.
ಸೂಲಗಿತ್ತಿ ಬುರುಲ್ಚಾ ಅಕ್ಕ ಚೀಲ ಮಡಿಲಲ್ಲಿಟ್ಟು
ಮುಂದಿನ ಸೀಟಿನಲ್ಲಿ ಕೂತೇ ಬಿಟ್ಟಳು.

ಬ್ಯಾಟರಿ ಬೆಚ್ಚಗಿತ್ತು. ಎಣ್ಣೆ ಕಾಯಿಸಿದ್ದೆ.
ವ್ಯಾನು ಸುತ್ತಿತು, ಒಂದು ಸಲ ಕೆಮ್ಮಿತು, ಅಷ್ಟೇ.
ನಾಲ್ಕೂ ಪ್ಲಗ್ಗು ಬಿಚ್ಚಿ ಬಾಣಲೆಯಲ್ಲಿ ಹುರಿದೆ,
ಜೋಳ ಹುರಿದ ಹಾಗೆ.
ಕಾರ್ಬ್ಯುರೇಟರಿನ ಬಾಯಿಗೆ ಪೆಟ್ರೋಲ್ ಕುಡಿಸಿದೆ,
ನನ್ನ ಮುಖಕ್ಕೇ ಉಗಿಯಿತು.
ಕೈಗವಸು ಕಳಚಿದೆ, ಸ್ಪ್ಯಾನರಿಗೆ ಚರ್ಮ ಅಂಟಿತು.
ದೇವರನ್ನು ಕರೆದೆ, ಆಮೇಲೆ
ಕಾರ್ಖಾನೆಯವರ ತಾಯಂದಿರನ್ನೂ ಕರೆದೆ.
ಜಪ್ಪಯ್ಯ ಅನ್ನಲಿಲ್ಲ.
ಮೈದುನ ಕುದುರೆಯ ಬೆನ್ನು ಉಜ್ಜುತ್ತ
ನನ್ನ ಕಡೆ ನೋಡದೆ ನಿಂತಿದ್ದ. ಅದು ಬೈಗುಳಕ್ಕಿಂತ ಹೆಚ್ಚು.

ಆಗ ಅಕ್ಕ ಕಿಟಕಿ ಇಳಿಸಿ ಹೇಳಿದಳು:
"ಇನ್ನೊಂದು ಸಲ ತಿರುಗಿಸು."
ತಿರುಗಿಸಿದೆ.
"ಎಳೆದುಕೊಳ್ಳುತ್ತಿದೆ, ಬಿಡುತ್ತಿಲ್ಲ.
ಚೊಚ್ಚಲ ಹುಡುಗಿಯರು ಹೀಗೇ ಮಾಡೋದು,
ಹೆದರಿ ಎದೆ ತುಂಬ ಹಿಡಿದುಕೊಂಡುಬಿಡ್ತಾರೆ.
ಮೊದಲು ಉಸಿರು ಬಿಡು ಅಂತೀನಿ ನಾನು."

ಎಂಜಿನ್ನಿಗೂ ಬಸುರಿಗೂ ಏನು ಸಂಬಂಧ
ಎಂದು ನಾನು ಹೇಳುವಷ್ಟರಲ್ಲಿ ಅವಳು ಇಳಿದು
ಮೊಣಕಾಲುದ್ದದ ಹಿಮದಲ್ಲಿ ಹಿಂದಕ್ಕೆ ಹೋದಳು,
ಬಗ್ಗಿದಳು, ಹೊಗೆಕೊಳವೆಗೆ ಬೆರಳು ಹಾಕಿದಳು,
ಎಳೆದಳು.

ಬೂದು ಉಣ್ಣೆಯ ಕಾಲುಚೀಲ. ನನ್ನದೇ.
ರಾತ್ರಿ ಗಾಳಿಗೆ ಹಿಮ ಒಳಗೆ ನುಗ್ಗದಿರಲಿ ಅಂತ
ನಾನೇ ತುರುಕಿದ್ದು. ಜಾಣತನ.
ಬೆಳಗಾಗುವಷ್ಟರಲ್ಲಿ ಮರೆತಿದ್ದು.

ಒಂದೇ ತಿರುವಿಗೆ ಹತ್ತಿಕೊಂಡಿತು.
ಕಪ್ಪು ಹೊಗೆ ಅವಳ ಬಿಳಿ ಕೋಟಿನ ಮೇಲೆ ಬಿತ್ತು.
ಅವಳು ಕಾಲುಚೀಲ ಹಿಂಡಿ, ಮಡಚಿ ನನ್ನ ಕೈಗಿಟ್ಟಳು,
ಕೂಸನ್ನು ಒಪ್ಪಿಸುವ ಹಾಗೆ, ಮುಖದಲ್ಲಿ ನಗುವಿರಲಿಲ್ಲ.
ಮೈದುನ ಆ ಹೊತ್ತಿಗೆ ಕುದುರೆ ಹತ್ತುತ್ತಿದ್ದ, ಕಾಣಲಿಲ್ಲ.

ನಾವು ತಲುಪಿದಾಗ ಮಗು ಹುಟ್ಟಿ ಅರ್ಧ ಗಂಟೆಯಾಗಿತ್ತು.
ಅಜ್ಜಿ ಹೊಕ್ಕುಳ ಕಟ್ಟಿ ಚಹಾ ಕುಡಿಯುತ್ತಿದ್ದಳು.
ನಾನು ಎಂಜಿನ್ ಆರಿಸದೆ ಅಂಗಳದಲ್ಲೇ ಕೂತೆ.
ಒಳಗೆ ಬಾ ಅಂದರು. ಹೋಗಲಿಲ್ಲ.

ಬುರುಲ್ಚಾ ಅಕ್ಕ ಯಾರ ಮುಂದೆಯೂ ಬಾಯಿ ಬಿಡಲಿಲ್ಲ.
ಹೆರಿಗೆಯ ನೋವಿನಲ್ಲಿ ಯಾವ ಹೆಂಗಸು
ಯಾರ ಹೆಸರು ಹಿಡಿದು ಕೂಗಿದಳೆಂಬುದೂ
ಅವಳ ಹೊಟ್ಟೆಯೊಳಗೇ ಇದೆ.
ನನ್ನ ಕಾಲುಚೀಲ ಆ ರಾಶಿಯಲ್ಲಿ ಒಂದು.

ಈಗ ನಿನಗೆ ಹೇಳಿದೆ. ನೀನು ಹೇಳೋದಾದರೆ ಹೇಳು,
ಆದರೆ ಬೇಸಿಗೆ ಬರಲಿ.
ಕೂರು. ಕೀಲಿ ಹಾಕು.
ತಡಿ, ಮೊದಲು ಹಿಂದೆ ಹೋಗಿ ನೋಡಿ ಬಾ.