ಶುಕ್ರವಾರಕ್ಕೆ ಮೂವತ್ತು ಮರ

ಸೋಮವಾರ ಹೆಂಡ್ರಿಕ್ಸನ್ ಮೇಷ್ಟ್ರು ಪಟ್ಟಿ ಹಂಚಿದರು:
ಮೂವತ್ತು ಮರ, ಮೂವತ್ತು ಲ್ಯಾಟಿನ್ ಹೆಸರು,
ಕಾಗುಣಿತ ತಪ್ಪಿದರೆ ಅರ್ಧ ಅಂಕ ಖೋತಾ.
"ಶುಕ್ರವಾರ ಕಾಡಿನಲ್ಲೇ ಪರೀಕ್ಷೆ. ಬೂಟು ಹಾಕಿಕೊಂಡು ಬನ್ನಿ."
ನನಗೇನೂ ಹೆದರಿಕೆಯಿರಲಿಲ್ಲ.
ಎಲೆಯೊಂದು ಸಿಕ್ಕರೆ ಸಾಕು, ಹೇಳಿಬಿಡುತ್ತೇನೆ:
ಅಂಗೈಯಂತೆ ಬೆರಳು ಚಾಚಿದ್ದು ಮೇಪಲ್,
ಗರಗಸದ ಅಂಚಿನದು ಬರ್ಚ್,
ನಾವು ನಿಂತು ಉಸಿರು ಬಿಟ್ಟರೂ ನಡುಗುವುದು ಆಸ್ಪೆನ್.

ಮಂಗಳವಾರ ರಾತ್ರಿ ಸುಪೀರಿಯರ್ ಸರೋವರದಿಂದ ಗಾಳಿ ಎದ್ದಿತು.
ಹಾಸ್ಟೆಲಿನ ಕಿಟಕಿ ಬೆಳಗಿನವರೆಗೂ ಹಲ್ಲು ಕಡಿಯಿತು.
ಎದ್ದು ನೋಡಿದರೆ
ಮರದ ಮೇಲಿದ್ದದ್ದೆಲ್ಲ ಕಾಲುದಾರಿಯ ಮೇಲೆ,
ಪಟ್ಟಿ ಮಾತ್ರ ನನ್ನ ಕೈಯಲ್ಲಿ.
ಮೇಷ್ಟ್ರಿಗೆ ಗೋಳು ಬರೆದೆ. ಒಂದೇ ಸಾಲಿನ ಉತ್ತರ:
"ಮೊಗ್ಗು ನೋಡು, ತೊಗಟೆ ನೋಡು, ಬೇಕಾದರೆ ಜಗಿದು ನೋಡು."

ಇದರ ಜೊತೆಗೆ
ರಸಾಯನಶಾಸ್ತ್ರದ ಲ್ಯಾಬ್ ವರದಿ ಎರಡು ಬಾಕಿ,
ಸೈಕಲ್ಲಿನ ಹಿಂದಿನ ಗಾಲಿ ಪಂಕ್ಚರ್,
ಅಣ್ಣ ಐನಾರನ ಫೋನು: ಜಿಂಕೆ ಬೇಟೆ ಶುರುವಾಗುವ ಮುಂಚೆ ಬಂದು
ನಿನ್ನ ಕಿತ್ತಳೆ ಕೋಟು ಒಯ್ಯಿ, ಇಲಿ ಕಡಿಯುತ್ತಿದೆ.
ಮತ್ತೆ ದಿನಾ ಬೆಳಿಗ್ಗೆ ಆರರಿಂದ ಒಂಬತ್ತು
ಊಟದ ಹಾಲಿನ ಹಿಂದೆ ತಟ್ಟೆ ತೊಳೆಯುವ ಕೆಲಸ.

ಅಲ್ಲಿ ಗೋಡೆಯಲ್ಲೊಂದು ಕಿಂಡಿ.
ಮುಖ ಕಾಣುವುದಿಲ್ಲ.
ಕೈ ಬರುತ್ತದೆ, ತಟ್ಟೆ ಇಡುತ್ತದೆ, ಹೋಗುತ್ತದೆ.
ಎರಡು ವರ್ಷದಲ್ಲಿ ನನಗೆ ಕೈಗಳ ಗುರುತು ಹತ್ತಿದೆ:
ಬ್ರೆಡ್ಡಿನ ಅಂಚು ಮಾತ್ರ ಬಿಡುವ ಹಾಕಿ ಆಟಗಾರ,
ಬೆರಳಿಗೆ ಟೇಪು, ಹೆಬ್ಬೆರಳಿನ ಉಗುರು ಕಪ್ಪು;
ಚಮಚ ಫೋರ್ಕು ಅಕ್ಕಪಕ್ಕ ಮಲಗಿಸಿ
ಕಾಗದದ ಕರವಸ್ತ್ರ ಹೊದಿಸಿ ಹೋಗುವವಳು ಇನ್ನೊಬ್ಬಳು.
ಅವಳಿಗೆ ಪುಟ್ಟ ತಂಗಿಯರಿರಬೇಕು.

ಬುಧವಾರ ಹಸಿರು ಉಗುರಿನ ಕೈಯೊಂದು ತಟ್ಟೆ ತಳ್ಳಿತು.
ಮೊಟ್ಟೆ ಇಟ್ಟ ಹಾಗೇ ಇತ್ತು, ಹಳದಿ ಒಡೆದಿರಲಿಲ್ಲ.
ಗುರುವಾರವೂ ಅದೇ ಕೈ, ಅದೇ ಮೊಟ್ಟೆ.
ಪೈಪು ಹಿಡಿದು ನೀರು ಬಿಟ್ಟೆ.
ಆಮೇಲೆ ಹೊಳೆಯಿತು:
ಆ ಬಣ್ಣದ ಶೀಶೆ ಇರುವುದು ನನ್ನ ಕೋಣೆಯಲ್ಲೇ,
ನನ್ನ ಮೇಜಿಗೆ ಎದುರಾದ ಮೇಜಿನ ಮೇಲೆ.
ರೋಷೆಲ್.
ನಗುತ್ತ ಬಾಗಿಲು ತೆಗೆಯುವವಳು, ನಗುತ್ತಲೇ ದೀಪ ಆರಿಸುವವಳು.
ಎರಡು ತಿಂಗಳಿಂದ ನಾನು ಬರೀ ಎಲೆ ನೋಡಿಕೊಂಡಿದ್ದೆ.

ಏನಾಯಿತೆಂದು ಕೇಳಲಿಲ್ಲ.
ಹಾಗೆ ಕೇಳುವುದು ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ.
"ಟಾರ್ಚ್ ಹಿಡಿಯಲು ಜನ ಬೇಕು, ಬರ್ತೀಯಾ?" ಅಂದೆ.
ಬಂದಳು, ನೈಟ್ ಪ್ಯಾಂಟಿನ ಮೇಲೆ ನನ್ನದೇ ಜಾಕೆಟ್ಟು ಹಾಕಿಕೊಂಡು.

ಬೀಚಿನ ಮೊಗ್ಗು ದಬ್ಬಳದಂತೆ ಉದ್ದ, ಚೂಪು.
ಬಾಸ್‌ವುಡ್ಡಿನದು ಕೆಂಪಗೆ, ಹೊಟ್ಟೆಬಾಕ.
ಕಪ್ಪು ಚೆರಿಯ ತೊಗಟೆ ನನ್ನ ಕಸುಬಿಗೆ ಗೊತ್ತು,
ತಳ ಹತ್ತಿದ ಪಾತ್ರೆಯಿಂದ ಕೆರೆದ ಸೀಕಲು.
ಅವಳು ಪಟ್ಟಿ ನೋಡಿ ಲ್ಯಾಟಿನ್ ಓದುವಳು,
ತಪ್ಪುತಪ್ಪಾಗಿ, ಬೈಗುಳದ ಹಾಗೆ.

ಹಳದಿ ಬರ್ಚಿನ ಕಡ್ಡಿ ಮುರಿದು ಕೊಟ್ಟೆ. ಜಗಿ.
ಜಗಿದಳು. "ತೈಮಿ, ಇದು ನಮ್ಮಜ್ಜನ ಮಂಡಿನೋವಿನ ಮುಲಾಮು!"
ನಕ್ಕಳು, ನಗು ಅರ್ಧಕ್ಕೆ ಬೇರೇನೋ ಆಯಿತು,
ಟಾರ್ಚಿನ ಬೆಳಕು ಬೂಟುಗಳ ಮೇಲೆ ಬಿತ್ತು.
ಅಜ್ಜ ಸೆಪ್ಟೆಂಬರಿನಲ್ಲಿ ಹೋದರಂತೆ.
ಅವತ್ತು ಲೆಕ್ಕದ ಪರೀಕ್ಷೆಯಂತೆ,
ಬಸ್ಸಿಗೆ ಹನ್ನೊಂದು ಗಂಟೆಯ ದಾರಿಯಂತೆ,
ಪರೀಕ್ಷೆಯನ್ನೇ ಬರೆದಳಂತೆ.

ಇನ್ನೂ ಹನ್ನೆರಡು ಮರ ಬಾಕಿಯಿದ್ದವು.
ಇರಲಿ ಬಿಡು ಅಂತ ನಿಂತೆವು.

ಶುಕ್ರವಾರ ಮೂವತ್ತಕ್ಕೆ ಇಪ್ಪತ್ತೊಂದೂವರೆ.
ಎರಡು ಬಗೆಯ ಆಶ್ ಮರ ಅದಲುಬದಲಾದವು,
ಅರ್ಧ ಅಂಕ ಹೋಗಿದ್ದು ಹಳದಿ ಬರ್ಚಿಗೇ, ಕಾಗುಣಿತಕ್ಕೆ.

ಶನಿವಾರ ಕೋಟು ತರಲು ಹೋಗಲಿಲ್ಲ. ವರದಿ ಇನ್ನೂ ಒಂದೇ ಆಗಿದೆ.
ಎಂಟೂಕಾಲಿಗೆ ಕಿಂಡಿಯಲ್ಲಿ ಹಸಿರು ಉಗುರು.
ಮೊಟ್ಟೆ ಮುಟ್ಟಿರಲಿಲ್ಲ,
ಟೋಸ್ಟಿನ ಒಂದು ಮೂಲೆಗೆ ಹಲ್ಲಿನ ಗುರುತಿತ್ತು.
ಕೈ ತಕ್ಷಣ ಹೋಗಲಿಲ್ಲ.
ಸ್ಟೀಲಿನ ಮೇಲೆ ಎರಡು ಸಲ ತಟ್ಟಿತು.
ನಾನು ಒದ್ದೆ ಬೆರಳಲ್ಲಿ ಈಚೆಯಿಂದ ತಟ್ಟಿದೆ.
ಹಿಂದೆ ಸಾಲು ಬೆಳೆಯುತ್ತಿತ್ತು.