ಒಂದು ಡಿ

ಗ್ರಿಮ್ಸ್‌ಬಿಯ ಲೈಬ್ರರಿ, ಗುರುವಾರ ಸಂಜೆ, ಹೀಟರಿನ ಪಕ್ಕದ ಮೇಜು.
ನಲವತ್ತು ವರ್ಷ ಪತ್ರಿಕೆಯ ಕರಡು ತಿದ್ದಿದ ಕೈ ನನ್ನದು.
ಈಗ ಯಾರು ಬಂದರೂ ಅವರ ಕಾಗದ ತಿದ್ದಿಕೊಡುತ್ತೇನೆ, ಪುಕ್ಕಟೆ:
ಗ್ಯಾಸ್ ಬಿಲ್ಲು, ಬಾಡಿಗೆ ತಕರಾರು, ಒಮ್ಮೆ ಒಂದು ಪ್ರೇಮಪತ್ರ.

ಸೆಲಾಮಾವಿತ್ ಬಂದಳು, ಮೀನು ಕಾರ್ಖಾನೆಯ ಪಾಳಿ ಮುಗಿಸಿ.
ಎಷ್ಟು ತೊಳೆದರೂ ಹೋಗದ ವಾಸನೆಗೆ ನಾಚಿ
ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆಳೆದು ಕೂತಳು.
ನನ್ನಪ್ಪನೂ ಅದೇ ವಾಸನೆ ಹೊತ್ತು ಮನೆಗೆ ಬರುತ್ತಿದ್ದ.
ಹೇಳಬಹುದಿತ್ತು.

ಗೆರೆ ಎಳೆದ ಹಾಳೆ. ಮೂರನೆಯ ಸಾಲು:
‘ಮಿಸ್ಟರ್ ಸ್ಟಾಥರ್ ನನಗೆ ಪ್ರೆಜುಡಿಸ್ ಮಾತು ಹೇಳಿದರು.’
ಪೆನ್ಸಿಲ್ ತಾನಾಗಿಯೇ ಇಳಿಯಿತು.
ಕೊನೆಗೊಂದು ಡಿ ಬೇಕು ಕಣಮ್ಮ, ಅಂದೆ,
ಎಲ್ಲರೂ ಅದನ್ನು ನುಂಗುತ್ತಾರೆ, ಇಲ್ಲೇ ಹುಟ್ಟಿದವರೂ.
ಕಿವಿಗೆ ಬೀಳುವುದಿಲ್ಲ, ಕಾಗದದ ಮೇಲೆ ಮಾತ್ರ ಇರುತ್ತದೆ.

ಯಾಕೆ ಡಿ?

ಅದಿದ್ದರೆ ಆಗಿಹೋದದ್ದು ಅಂತ.
ಬೇಯಿಸಿದ, ಒಡೆದ, ಮುಚ್ಚಿದ, ಹಾಗೆ.

ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದಳು.
ಆದರೆ ಆಗಿಹೋಗಿಲ್ಲವಲ್ಲ, ಅಂದಳು.
ನಾಳೆ ಬೆಳಿಗ್ಗೆ ಆರಕ್ಕೆ, ಬೆಲ್ಟು ತಿರುಗುವ ಮುಂಚೆ,
ಮತ್ತೆ ಹೇಳುತ್ತಾನೆ.

ವ್ಯಾಕರಣದಲ್ಲಿ ಇದಕ್ಕೆ ಉತ್ತರವಿದೆ. ನನಗೆ ಗೊತ್ತಿತ್ತು.
ಬಾಯಿಗೆ ಬರಲಿಲ್ಲ. ಡಿ ಬರೆದೆ.

ಅವಳು ಚೀಲದಿಂದ ಇನ್ನೊಂದು ಕಾಗದ ತೆಗೆದಳು,
ಹೋದ ತಿಂಗಳು ಕಂಪನಿ ಕೊಟ್ಟದ್ದು, ನಾಲ್ಕಾಗಿ ಮಡಿಸಿದ್ದು:
‘ಯಾವುದೇ ಮಾತಿನಿಂದ ನೋವಾದಂತೆ ಅನಿಸಿದ್ದಲ್ಲಿ
ವಿಷಾದ ವ್ಯಕ್ತಪಡಿಸಲಾಗಿದೆ.’
ಎರಡು ಸಲ ಓದಿದೆ. ಒಂದು ಕಾಮಾ ಕೂಡ ಆಚೀಚೆ ಆಗಿಲ್ಲ.
ಹೇಳಿದವನಿಲ್ಲ, ಹೇಳಿದ್ದಿಲ್ಲ, ವಿಷಾದಪಟ್ಟವರೂ ಇಲ್ಲ;
ಮೂಳೆ ತೆಗೆದ ಮೀನು, ಬೆಳ್ಳಗೆ, ಐಸಿನ ಮೇಲೆ.

ಇಂಥವನ್ನು ನಾನೇ ಅಚ್ಚಿಗೆ ಕಳಿಸಿದ್ದೇನೆ.
ಹೊಸ ಹುಡುಗನೊಬ್ಬ ‘ಜನಾಂಗದ್ವೇಷದ ಹೇಳಿಕೆ’ ಎಂದು ಬರೆದದ್ದನ್ನು
ಹೊಡೆದುಹಾಕಿ, ಮೇಲೆ ‘ವಿವಾದಾತ್ಮಕ’ ಎಂದು ಸಣ್ಣಗೆ ಬರೆದು
ಟೀ ಕುಡಿಯಲು ಎದ್ದುಹೋದದ್ದಿದೆ.
ಆ ಟೀಗೆ ಸಕ್ಕರೆ ಹೆಚ್ಚಾಗಿತ್ತು ಎಂಬುದೂ ನೆನಪಿದೆ,
ಹುಡುಗನ ಹೆಸರು ಮಾತ್ರ ಇಲ್ಲ.

ಬರೀ ‘ಮಾತು’ ಸಾಲದು, ಅಂದೆ ಈಗ. ಏನಂದ? ಅದನ್ನೇ ಬರಿ.
ಉದ್ಧರಣ ಚಿಹ್ನೆಯೊಳಗೆ, ಅವನ ಬಾಯಿಂದ ಬಿದ್ದ ಹಾಗೇ.

ಪೆನ್ನು ಕೆಳಗಿಟ್ಟಳು.
ಹೊರಗೆ ಬಸ್ಸೊಂದು ನಿಂತು ಹೋಯಿತು, ಅವಳದೇ ಇರಬೇಕು.
ಕಾವಲಿನವನು ಮಕ್ಕಳ ವಿಭಾಗದ ದೀಪ ಆರಿಸಿದ.
ಆಮೇಲೆ ಬರೆದಳು.

ಕಾರ್ಖಾನೆಯ ಹೆಸರಲ್ಲಿ ಒಂದು ಟಿ ಹೆಚ್ಚಾಗಿತ್ತು,
ಬುಧವಾರದ ಸ್ಪೆಲ್ಲಿಂಗ್ ಮುರಿದುಬಿದ್ದಿತ್ತು,
ತಾನಿರುವ ಬೀದಿಯನ್ನೂ ತಪ್ಪಾಗಿ ಬರೆದಿದ್ದಳು.
ಆ ನಾಲ್ಕು ಶಬ್ದಗಳಲ್ಲಿ ಮಾತ್ರ
ನನ್ನ ಪೆನ್ಸಿಲ್ಲಿಗೆ ಏನೂ ಸಿಗಲಿಲ್ಲ.