ವ್ಯರ್ಥ: ಅರ್ಧ ಆಂಪೂಲು

ಸುಟ್ಟಗಾಯದ ವಾರ್ಡಿನ ಗೋಡೆಗೆ ಆರು ಮುಖಗಳ ಪಟ.
ನಗುವುದರಿಂದ ಶುರುವಾಗಿ ಅಳುವಲ್ಲಿಗೆ ಮುಗಿಯುತ್ತದೆ.
ಆರೂ ಗುಂಡಗೆ, ಆರೂ ಹಳದಿ,
ಒಂದಕ್ಕೂ ಮೂಗುತಿಯಿಲ್ಲ, ಹಚ್ಚೆಯಿಲ್ಲ, ಗಡ್ಡವಿಲ್ಲ.
ನಿಮ್ಮ ನೋವು ಇದರಲ್ಲಿ ಯಾವುದು, ತೋರಿಸಿ ಅನ್ನುತ್ತಿದ್ದೆ.
ಝಮಕಿಬಾಯಿ ತೋರಿಸಲಿಲ್ಲ.
ತೋರಿಸಬೇಕಾದ ಕೈಯೇ ಸುಟ್ಟಿತ್ತು.

ಕುಕ್ಕವಾಡದ ಕಡೆ ಯಾವುದೋ ಆಲೆಮನೆ.
ಕೊಪ್ಪರಿಗೆ ಓರೆಯಾಗಿ, ಕುದಿಯುವ ಪಾಕ
ತೋಳಿನುದ್ದಕ್ಕೆ ಇಳಿದು, ಬಳೆಗಳ ಒಳಗೆ ಹೊಕ್ಕು
ಅಲ್ಲೇ ಬೆಲ್ಲವಾಗಿತ್ತು.
ಭುಜದ ತನಕ ಬಿಳಿ ಬಳೆ. ಮದುವೆಯಲ್ಲಿ ತೊಟ್ಟಿದ್ದು,
ಮೂವತ್ತು ವರ್ಷ ತೆಗೆದದ್ದಿಲ್ಲವಂತೆ.
ಡ್ರೆಸ್ಸರ್ ಮೈಲಪ್ಪ ಸಣ್ಣ ಗರಗಸ ತಂದು
ಒಂದೊಂದಾಗಿ ಕೊಯ್ದ.
ವಾರ್ಡೆಲ್ಲ ಹೊಸ ಬೆಲ್ಲದ ಘಮ.
ನನಗೆ ಹಸಿವಾಯಿತು. ಇದನ್ನೂ ಬರೆಯಬೇಕು.

ದೂಕಚ, ಅಂದಳು. ಯಾಡಿ, ದೂಕಚ, ದೂಕಚ.
ದುಃಖ ಅನ್ನುತ್ತಿದ್ದಾಳೆ ಎಂದುಕೊಂಡೆ.
ಬಳೆ ಹೋಯಿತಲ್ಲ, ಅದಕ್ಕೆ.
ದುಃಖಕ್ಕೆ ನಮ್ಮಲ್ಲಿ ಇಂಜೆಕ್ಷನ್ ಇಲ್ಲಮ್ಮ, ಅಂದೆ
ತಮಾಷೆಗೆ.
ಕೇಸ್‌ಶೀಟಿನಲ್ಲಿ ಬರೆದೆ: ನೋವು, ಸಾಧಾರಣ.

ಪಕ್ಕದ ಮಂಚದಲ್ಲಿ ಪಿ.ಜೆ. ಬಡಾವಣೆಯ ಮಂದಾಕಿನಿ,
ಒಗ್ಗರಣೆ ಸಿಡಿದು ಅಂಗೈಯಗಲ ಬೊಬ್ಬೆ.
ಹತ್ತಕ್ಕೆ ಎಂಟು ಸಿಸ್ಟರ್, ಅಂದಳು,
ನನ್ನದೇ ಕನ್ನಡದಲ್ಲಿ, ನನ್ನ ತಂಗಿಯ ದನಿಯಲ್ಲಿ.
ನಂಬದಿರಲು ಕಾರಣವಿರಲಿಲ್ಲ.
ಈಗಲೂ ಇಲ್ಲ. ಅವಳ ಎಂಟು ಎಂಟೇ.
ಎರಡು ಬೀಗದ ಕಪಾಟು ತೆಗೆದು ಮಾರ್ಫಿನ್ ಒಡೆದೆ.
ಅರ್ಧ ಸಾಕಾಯಿತು.
ಉಳಿದರ್ಧ, ನಿಯಮದಂತೆ, ಸಿಂಕಿಗೆ ಸುರಿದು
ರಿಜಿಸ್ಟರಿನಲ್ಲಿ ವ್ಯರ್ಥ ಎಂದು ಬರೆದು
ಸಾಕ್ಷಿಗೆ ಇನ್ನೊಬ್ಬ ಸಿಸ್ಟರ್ ಕೈಲಿ ಸಹಿ ಹಾಕಿಸಿ
ನಲ್ಲಿ ಬಿಟ್ಟೆ.
ನಾಲ್ಕು ಹೆಜ್ಜೆಯಾಚೆ ಝಮಕಿಬಾಯಿ
ಮುಸುಕಿನ ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಳು.

ಯಾರು ಕಲಿಸಿದರು ನನಗೆ? ಪುಸ್ತಕವಲ್ಲ, ಡಾಕ್ಟರೂ ಅಲ್ಲ.
ಚಹಾ ಕುಡಿಯುವಾಗ ಬಂದ ವಿದ್ಯೆ:
ತಾಂಡಾದವರು ಗಟ್ಟಿ, ಗದ್ದೇಲೇ ಹೆತ್ತು ಮತ್ತೆ ಕಬ್ಬು ಕಡೀತಾರೆ.
ಮೈಯೆಲ್ಲ ಹಚ್ಚೆ ಚುಚ್ಚಿಸಿಕೊಂಡವರಿಗೆ ಇದ್ಯಾವ ಲೆಕ್ಕ.
ಮಂಡಕ್ಕಿ ಭಟ್ಟಿಯ ಸಾಬರಿಗೆ ಮರಳಿನ ಕಾವು ರೂಢಿ,
ಆದರೂ ಕೂಗಾಟ ನೋಡು.
ಕೂಗಿದರೆ ನಾಟಕ. ಕೂಗದಿದ್ದರೆ ಚರ್ಮ ದಪ್ಪ.
ಯಾವ ದಾರಿ ಹಿಡಿದು ಬಂದರೂ
ಔಷಧದ ಕಿಟಕಿ ಮುಚ್ಚಿರುತ್ತದೆ.

ಮೈಲಪ್ಪನ ಅಪ್ಪ ತೊಗಲು ಹದ ಮಾಡುತ್ತಿದ್ದವನು.
ಹತ್ತಿ ಸುತ್ತುತ್ತ, ನನ್ನ ಮುಖ ನೋಡದೆ, ಅಂದ:
ದಪ್ಪ ಚರ್ಮ ಅಂತ ಹುಟ್ಟಲ್ಲ ಸಿಸ್ಟರ್.
ಸತ್ತ ಮ್ಯಾಲೆ ನಾವು ಹದ ಮಾಡಿದ್ರೆ ಅದು ದಪ್ಪ.

ಮೂರನೇ ದಿನ ಜಗಳೂರಿನ ಹಾಸ್ಟೆಲಿನಿಂದ
ಮೊಮ್ಮಗಳು ಬಂದಳು, ಯೂನಿಫಾರ್ಮಿನಲ್ಲೇ.
ದೂಕಚ ಅಂದ್ರೆ ನೋಯ್ತದೆ ಅಂತ, ಮೇಡಂ.
ಮೈ ನೋಯ್ತದೆ.
ಬಳೆಗೆ ಅಜ್ಜಿ ಏನೂ ಅಂದಿಲ್ಲ.
ಒಂದು ವಾರ ಕನ್ನಡ ಓದಿಸಿ ತಪ್ಪು ತಿದ್ದುವ ಟೀಚರಿನ ಹಾಗೆ
ಮೆತ್ತಗೆ, ಇನ್ನೊಂದು ಸಲ, ಬಿಡಿಸಿ ಹೇಳಿದಳು.

ಸಾಧಾರಣ ಎಂಬುದನ್ನು ಹೊಡೆದುಹಾಕಲು ಹೋದೆ.
ಕೇಸ್‌ಶೀಟಿನಲ್ಲಿ ಹಾಗೆಲ್ಲ ತಿದ್ದುವಂತಿಲ್ಲ.
ಡಾಕ್ಟರಿಗೆ ಫೋನು ಮಾಡಿ, ಬರೆಸಿ, ಇಡೀ ಆಂಪೂಲು ಕೊಟ್ಟೆ,
ಅರವತ್ತು ಗಂಟೆ ತಡವಾಗಿ.
ಸೆರಗು ಹಲ್ಲಿನಿಂದ ಸಡಿಲಿ ಜಾರಿತು. ನಿದ್ದೆ ಹೋದಳು.
ಆ ಮುಖ ಗೋಡೆಯ ಆರರಲ್ಲಿ ಇರಲಿಲ್ಲ.

ಬಳೆ ಚೂರು ಇದ್ದರೆ ಕೊಡಿ, ಅಂದಳು ಹುಡುಗಿ.
ಮೈಲಪ್ಪ ಕಸಕ್ಕೆ ಹಾಕಿರಲಿಲ್ಲ,
ಗ್ಲೌಸಿನ ಖಾಲಿ ಡಬ್ಬಿಯಲ್ಲಿ ಎತ್ತಿಟ್ಟಿದ್ದ.
ಮುಚ್ಚಳ ತೆಗೆದೆ.
ತುಂಬ ಇರುವೆ.